ಮೊದಲ ಎಳೆತಕ್ಕೆ

ಪೂರ್ವ ದಡ
ಆಗಸ್ಟ್ ೪

ಮಗಳಿಗೆ,

ನಾನು ಯಾರೆಂದು ನೀನು ಮರೆತಿರಲಾರೆ. ಆದರೂ ಕಾಗದದ ಮೇಲೆ ಇರಲಿ. ಪೂರ್ವ ದಡದ ದೋಣಿಕಟ್ಟೆಯ ಒಡತಿ ನಾನು. ನಿಮ್ಮಪ್ಪ ಹೋದ ಮೇಲೆ ಈ ಕಟ್ಟೆಯಲ್ಲಿ ನನ್ನ ಮಾತಿಲ್ಲದೆ ಯಾರೂ ಒಂದು ಹಗ್ಗವನ್ನೂ ಬಿಚ್ಚಿಲ್ಲ. ಹೈಸ್ಕೂಲು ಮುಗಿಸಿದವಳು, ಕಾಗದ ಬರೆಯಲು ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ನಡುಗಡ್ಡೆಗಳ ಗಂಡಸರು ದೂರದಿಂದ ನನ್ನನ್ನು ಕಂಡರೆ ಸಿಗರೇಟನ್ನು ನೀರಿಗೆ ಎಸೆಯುತ್ತಾರೆ. ಅದು ಪೆಟ್ರೋಲಿನ ಭಯಕ್ಕಲ್ಲ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನನ್ನು ಮಾತಿನ ನಡುವೆ ಇಟ್ಟುಬಿಡಬಹುದು. ಕಾಗದ ಬಂದರೆ ಕೊನೆಯವರೆಗೆ ಓದಲೇಬೇಕು.

ಸುದ್ದಿ ನಿಮ್ಮ ದಡಕ್ಕೂ ಮುಟ್ಟಿರಬೇಕು. ಆಸ್ಪತ್ರೆಯವರು ನಡುಗಡ್ಡೆಗಳ ರೋಗಿಗಳಿಗೆಂದೇ ಒಂದು ದೋಣಿ ಕೊಡುತ್ತಿದ್ದಾರೆ. ಹೊಸ ದೋಣಿ, ಹೊಸ ಔಟ್‌ಬೋರ್ಡ್ ಎಂಜಿನ್, ಒಳಗೆ ಹಾಸಿಗೆ, ಮೇಲೆ ಬಿಳಿ ಚಾವಣಿ. ಅದು ಸಿಗುವುದು ಒಂದೇ ಕಟ್ಟೆಗೆ. ನನ್ನದಕ್ಕೆ, ಇಲ್ಲವೇ ನೀನೀಗ ಸಂಬಳಕ್ಕಿರುವ ಆ ಮೀಸೆಯವನ ಕಟ್ಟೆಗೆ. ಡಾಕ್ಟರಮ್ಮ ತಾವೇ ಬಂದು ಹೇಳಿದರು.

"ಅಮ್ಮಾ, ನಂಗೆ ವೇಗ ಬೇಡ. ಈ ಮಳೆಗಾಲದಲ್ಲಿ ಹೇಳದೆ ಕೇಳದೆ ಮೂರು ಸಲ ಬರ್ತೀನಿ. ಯಾವುದೋ ಒಂದು ದೋಣಿ ತೋರಿಸ್ತೀನಿ. ಹಗ್ಗ ಎಳೆದ್ರೆ ಮೊದಲ ಎಳೆತಕ್ಕೆ ಎಂಜಿನ್ ಏಳಬೇಕು, ಅಷ್ಟೇ. ಹೆರಿಗೆ ನೋವು ತಿಂತಿರೋಳು ಎರಡನೇ ಎಳೆತಕ್ಕೆ ಕಾಯಲ್ಲ."

ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹೋದ ಚಳಿಗಾಲ ದೀಪಸ್ತಂಭದ ಕಾವಲುಗಾರನ ಹೆಂಡತಿಯನ್ನು ಕರೆತರುವಾಗ ನಡುನೀರಿನಲ್ಲಿ ಎಂಜಿನ್ ನಿಂತಿತು. ನಿಮ್ಮಣ್ಣ ಹುಟ್ಟು ಹಾಕುತ್ತಲೇ ಇದ್ದ, ಮಗು ನನ್ನ ಮಡಿಲಿಗೇ ಬಂತು. ತಾಯಿ ಮಗು ಇಬ್ಬರೂ ಉಳಿದರು. ಆ ಮಗು ಈಗ ನನ್ನನ್ನು ಕಂಡರೆ ಕಿರುಚುತ್ತದೆ. ಅದಕ್ಕೂ ಆ ದಿನ ನೆನಪಿರಬೇಕು. ನನಗಂತೂ ಇನ್ನೊಮ್ಮೆ ಅಂಥ ದಿನ ಬೇಡ. ಆ ಬಿಳಿ ಚಾವಣಿಯ ದೋಣಿ ನನಗೆ ಬೇಕೇ ಬೇಕು.

ನಮ್ಮಲ್ಲಿ ಶಿಸ್ತು ಮೊದಲಿನಂತೆಯೇ ಇದೆ. ಕೊನೆಯ ಸುತ್ತು ಮುಗಿದ ಮೇಲೆ ಪ್ರತಿ ಎಂಜಿನ್ನಿಗೂ ಸಿಹಿನೀರು ಕುಡಿಸಿ ಒಳಗಿನ ಉಪ್ಪು ತೊಳೆಯುತ್ತೇವೆ. ಪೆಟ್ರೋಲಿನ ನಲ್ಲಿ ಮುಚ್ಚಿ, ಗಂಟಲಲ್ಲಿ ಉಳಿದದ್ದನ್ನೂ ಅದು ಕುಡಿದು ತಾನಾಗಿ ನಿಲ್ಲುವವರೆಗೆ ಓಡಿಸುತ್ತೇವೆ. ಆಮೇಲೆ ಎಂಜಿನ್ನಿನ ಬಾಲವನ್ನು ನೀರಿನಿಂದ ಮೇಲೆತ್ತಿ ಕಟ್ಟುತ್ತೇವೆ. ಪೆಟ್ರೋಲ್ ನಿಮ್ಮಪ್ಪನ ಪೀಪಾಯಿಯಿಂದಲೇ. ಅದನ್ನು ಇವತ್ತಿಗೂ ಬರಿದಾಗಲು ಬಿಟ್ಟಿಲ್ಲ.

ನಾವು ಗೆಲ್ಲುತ್ತೇವೆ. ಎದುರಾಳಿಗೆ ಮೊದಲೇ ತಿಳಿಸುವುದು ನ್ಯಾಯ, ಅದಕ್ಕೇ ಬರೆದೆ.

ಇಂತಿ,
ಪೂರ್ವ ದಡದ ಒಡತಿ


ಪಶ್ಚಿಮ ದಡ
ಆಗಸ್ಟ್ ೯

ಅಮ್ಮನಿಗೆ,

ಕಾಗದವನ್ನು ಕೊನೆಯವರೆಗೆ ಓದಿದೆ. ಸುದ್ದಿ ಇಲ್ಲಿಗೂ ಬಂದಿದೆ. ಯಜಮಾನರು ಮೀಸೆಗೆ ಎಣ್ಣೆ ಹಚ್ಚಿಕೊಂಡು ಡಾಕ್ಟರಮ್ಮನ ದಾರಿ ಕಾಯುತ್ತಿದ್ದಾರೆ. "ಮೀಸೆಗಲ್ಲ, ಎಂಜಿನ್ನಿಗೆ ಹಚ್ಚಿ" ಅಂದೆ. ನಕ್ಕರು. ಇಲ್ಲಿ ನಾನು ಏನು ಹೇಳಿದರೂ ಯಾರೂ ಊಟದ ತಟ್ಟೆ ಬಿಟ್ಟು ಏಳುವುದಿಲ್ಲ.

ಆ ಮಗು ಉಳಿದದ್ದು ಕೇಳಿದ್ದೆ. ನಿನ್ನ ಮಡಿಲಲ್ಲಿ ಹುಟ್ಟಿತೆಂದು ಗೊತ್ತಿರಲಿಲ್ಲ.

ಒಂದೇ ಪ್ರಶ್ನೆ. ಎಂಜಿನ್ ನಿಂತ ದಿನ ಅದರ ಹೊಟ್ಟೆಯಲ್ಲಿದ್ದದ್ದು ಪೀಪಾಯಿಯ ಪೆಟ್ರೋಲೇ?

ಇಂತಿ,
ಪಶ್ಚಿಮ ದಡದ ಎಂಜಿನ್ ರಿಪೇರಿಯವಳು


ಪೂರ್ವ ದಡ
ಆಗಸ್ಟ್ ೨೨

ಮಗಳಿಗೆ,

ಪೀಪಾಯಿ ಇದೆ. ಇರುತ್ತದೆ. ಆ ಮಾತು ಇಲ್ಲಿಗೆ ಮುಗಿಯಿತು. ಇದೇ ಮಾತಿಗೆ ಅವತ್ತು ಊಟದ ನಡುವೆ ನಾನು ಎದ್ದೆ. "ಪೀಪಾಯಿ ಕಣ್ಣಿಗೆ ಚುಚ್ಚಿದರೆ ಆಚೆ ದಡ ಇದೆ" ಅಂದೆ. ಸಿಟ್ಟಿನಲ್ಲಿ ಯಾರೋ ಏನೋ ಅಂದರೆಂದು ನಿಜವಾಗಿಯೂ ಅಪ್ಪನ ಹತಾರದ ಪೆಟ್ಟಿಗೆ ಎತ್ತಿಕೊಂಡು ಆಚೆ ದಡಕ್ಕೆ ಹೋಗುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಡಾಕ್ಟರಮ್ಮ ಮೊನ್ನೆ ಬಂದರು. ನಾನು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದೆ. ಕೊಡೆ ಮಡಿಸಿ ಅದರ ತುದಿಯಿಂದಲೇ ತೋರಿಸಿದ್ದು ನಿಮ್ಮಪ್ಪನ ದೋಣಿಯನ್ನು. ನನ್ನ ಎದೆ ಉಬ್ಬಿತು. ಇದಕ್ಕಿಂತ ಒಳ್ಳೆಯದನ್ನು ಅವರು ಆರಿಸಲಾರರು ಅಂದುಕೊಂಡೆ.

"ಎಳಿ" ಅಂದರು.

ನಿಮ್ಮಣ್ಣ ಕಾಲೂರಿ ಹಗ್ಗ ಎಳೆದ. ಎಂಜಿನ್ ಕೆಮ್ಮಿತು.

"ಮಳೇಲಿ ನೆನ್ದು ನೆಗಡಿ ಆಗಿರ್ಬೇಕು" ಅಂದ ಟಿಕೆಟ್ ಮುದುಕ. ಅವನ ಕಡೆ ಒಮ್ಮೆ ನೋಡಿದೆ, ಆಮೇಲೆ ಅವನು ಆ ದಿನವೆಲ್ಲ ಬಾಯಿ ಬಿಡಲಿಲ್ಲ. ಎರಡನೆಯ ಎಳೆತಕ್ಕೂ ಕೆಮ್ಮು. ಮೂರನೆಯದಕ್ಕೆ ಹೊಗೆಯುಗುಳಿ ಎದ್ದಿತು. ನಿಮ್ಮಣ್ಣ ಗೆದ್ದವನಂತೆ ತಿರುಗಿ ನೋಡಿದ.

ಡಾಕ್ಟರಮ್ಮ ಕೊಡೆ ಬಿಚ್ಚಿದರು. "ಮಗು ಹುಟ್ಟಿ ಆಯ್ತು, ಅಮ್ಮಾ" ಅಂದು ಹೊರಟೇಹೋದರು.

ಅವರು ಬಯ್ದಿದ್ದರೆ ವಾಸಿಯಿತ್ತು. ನಿಮ್ಮಣ್ಣ ಪ್ಲಗ್ಗಿನ ತಪ್ಪು ಎನ್ನುತ್ತಾನೆ. ಪ್ಲಗ್ ಬದಲಿಸಿದ. ಹಗ್ಗದ ತಪ್ಪು ಎನ್ನುತ್ತಾನೆ. ಹಗ್ಗವನ್ನೂ ಬದಲಿಸಿದ. ಇನ್ನು ದೋಣಿಯ ಬಣ್ಣ ಒಂದು ಉಳಿದಿದೆ.

ನಿಮ್ಮ ದಡದ ದೋಣಿ ಮೊದಲ ಎಳೆತಕ್ಕೇ ಎದ್ದಿತಂತೆ. ಕೇಳಿ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಯಾರ ಕೈ ಅದನ್ನು ಸಿದ್ಧಮಾಡಿತ್ತು ಎಂಬುದು ನನಗೆ ಗೊತ್ತು ಎಂದಷ್ಟೇ ಬರೆಯುತ್ತೇನೆ.

ಇಂತಿ,
ಪೂರ್ವ ದಡದ ಒಡತಿ


ಪಶ್ಚಿಮ ದಡ
ಆಗಸ್ಟ್ ೨೭

ಅಮ್ಮನಿಗೆ,

ಈ ಕಾಗದ ಬರೆಯುವ ಮೊದಲು ಯಜಮಾನರನ್ನು ಕೇಳಿದೆ. ಅವರ ಅನ್ನ ತಿಂದು, ಅವರಿಗೆ ಗೊತ್ತಾಗದಂತೆ ಎದುರು ಕಟ್ಟೆಗೆ ಬುದ್ಧಿ ಹೇಳುವುದು ನನ್ನಿಂದಾಗದು. ಅವರು ಮೀಸೆ ತಿರುವಿ ಹೇಳಿದ್ದು ಹೀಗೆ: "ಬರಿ ಬರಿ. ನಿಮ್ಮಮ್ಮನ ಎಂಜಿನ್ ಕೆಮ್ಮೋವಾಗ ಗೆದ್ರೆ ಏನು ಮಜಾ? ಅದು ಚೆನ್ನಾಗಿ ಓಡೋವಾಗ ಸೋಲಿಸ್ಬೇಕು."

ಪ್ಲಗ್ ಸರಿಯಿದೆ, ಹಗ್ಗ ಸರಿಯಿದೆ. ನಿಮ್ಮ ಶಿಸ್ತಿನಲ್ಲೂ ತಪ್ಪಿಲ್ಲ. ಅದೇ ಶಿಸ್ತು ನಾನು ಇಲ್ಲಿಗೂ ತಂದಿದ್ದೇನೆ. ತಪ್ಪಿರುವುದು ಪೆಟ್ರೋಲಿನಲ್ಲಿ. ಈಗ ಬಂಕಿನಲ್ಲಿ ಅಗ್ಗಕ್ಕೆ ಸಿಗುವುದು ಸ್ಪಿರಿಟ್ ಬೆರೆಸಿದ್ದು. ರಸ್ತೆಯ ಗಾಡಿಗೆ ತೊಂದರೆಯಿಲ್ಲ, ತುಂಬಿದ್ದು ಬೇಗ ಖರ್ಚಾಗುತ್ತದೆ. ನಮ್ಮದು ನೀರಿನ ಮೇಲಿನ ಬಾಳು. ಸ್ಪಿರಿಟ್ ಗಾಳಿಯ ತೇವವನ್ನು ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ನೀರಿನ ಸಮೇತ ತಳಕ್ಕೆ ಇಳಿದು ಕೂರುತ್ತದೆ. ಎಂಜಿನ್ ಮೊದಲು ಹೀರುವುದೇ ತಳದ್ದನ್ನು.

ಬಂಕಿನ ಹಿಂಬದಿಯಲ್ಲಿ ಬೆರಕೆಯಿಲ್ಲದ ಪೆಟ್ರೋಲ್ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು. ಬೆಲೆ ಜಾಸ್ತಿ. ಅದನ್ನೇ ತನ್ನಿ, ಆ ವಾರಕ್ಕೆ ಬೇಕಾದಷ್ಟೇ ತನ್ನಿ. ಪೆಟ್ರೋಲಿಗೆ ಎಂಜಿನ್ ಎಣ್ಣೆಯನ್ನು ಅಳತೆ ಡಬ್ಬಿಯಲ್ಲೇ ಅಳೆದು ಬೆರೆಸಿ, ಅಣ್ಣನ ಕಣ್ಣಳತೆಯಲ್ಲಿ ಬೇಡ. ಆ ಹೊಗೆ ಅವನ ಧಾರಾಳತನದ್ದು.

ಮಗಳು


ಪೂರ್ವ ದಡ
ಸೆಪ್ಟೆಂಬರ್ ೬

ಮಗಳಿಗೆ,

ಯಜಮಾನನನ್ನು ಕೇಳಿದೆ ಎಂದು ಬರೆದೆಯಲ್ಲ, ಆ ಸಾಲಿಗಾಗಿ ಮಾತ್ರ ಮುಂದಿನ ಸಾಲು ಓದಿದೆ. ಉಂಡ ಮನೆಗೆ ಎರಡು ಬಗೆಯುವವಳನ್ನು ನಾನು ಹೆತ್ತಿಲ್ಲ. ಮೀಸೆಯವನಿಗೆ ಹೇಳು, ಸೋಲಿಸುವ ಆಸೆಯಿದ್ದರೆ ಬೇಗ ಸೋಲಿಸಲಿ, ಆಮೇಲೆ ಅವಕಾಶ ಸಿಗುವುದಿಲ್ಲ.

ಬಂಕಿಗೆ ನಾನೇ ಹೋದೆ. ಅಲ್ಲಿದ್ದವನು ಅಗ್ಗದ್ದನ್ನೇ ತುಂಬಲು ಕೈ ಹಾಕಿದ.

"ಬೆರಕೆ ಇಲ್ಲದ್ದು ಕೊಡು."

"ಅದು ಬೆಲೆ ಜಾಸ್ತಿ, ಅಮ್ಮಾ."

"ನಿನ್ನ ಬುದ್ಧಿವಾದವೂ ಜಾಸ್ತಿ ಆಯ್ತು."

ಕೊಟ್ಟ. ಮೂಗಿಗೆ ಹಿಡಿದು ನೋಡಿದೆ. ಎಷ್ಟು ವರ್ಷವಾಗಿತ್ತು ಆ ವಾಸನೆ ಕಂಡು! ಚುರುಕು, ಹಗುರ. ನಿಮ್ಮಪ್ಪ ಸಂಜೆ ಒಳಗೆ ಬಂದಾಗ ಅಂಗಿಯಿಂದ ಬರುತ್ತಿದ್ದದ್ದು ಇದೇ. ನಡುವೆ ಅದು ಯಾವಾಗ ಬದಲಾಯಿತೋ ನನ್ನ ಗಮನಕ್ಕೆ ಬಂದಿರಲಿಲ್ಲ.

ಮನೆಗೆ ತಂದು, ಒಂದು ಹನಿ ಚೆಲ್ಲದಂತೆ, ಬಟ್ಟೆಯಲ್ಲಿ ಸೋಸಿ ಪೀಪಾಯಿಗೆ ತುಂಬಿದೆ. ಹಳೆಯದು ತಳದಲ್ಲಿ ಒಂದಿಷ್ಟು ಉಳಿದಿತ್ತು. ಹೊಸದು ಹಳೆಯದರ ಜೊತೆ ಕೂಡಿ ಪಳಗಬೇಕು, ಪೀಪಾಯಿ ಯಾವತ್ತೂ ಬರಿದಾಗಬಾರದು, ಅದು ಈ ಮನೆಯ ಕ್ರಮ. ಎಣ್ಣೆಯ ಅಳತೆ ಡಬ್ಬಿಯನ್ನು ನನ್ನ ಸೊಂಟಕ್ಕೇ ಕಟ್ಟಿಕೊಂಡಿದ್ದೇನೆ. ನಿಮ್ಮಣ್ಣ ನನ್ನ ಸುತ್ತ ಬೆಕ್ಕಿನಂತೆ ಸುಳಿಯುತ್ತಾನೆ.

ಇನ್ನು ಡಾಕ್ಟರಮ್ಮ ಬರಲಿ. ಬಾಗಿಲ ಸದ್ದಾದರೆ ಸಾಕು, ಎದ್ದು ನಿಲ್ಲುತ್ತೇನೆ. ಮದುವೆಯ ಹಿಂದಿನ ದಿನವೂ ನನಗೆ ಇಷ್ಟು ಕಾತರವಿರಲಿಲ್ಲ.

ಇಂತಿ,
ಒಡತಿ


ಪಶ್ಚಿಮ ದಡ
ಸೆಪ್ಟೆಂಬರ್ ೮

ಅಮ್ಮ,

ಒಂದು ಗಾಜಿನ ಬಾಟಲಿ ತಗೋ. ಪೀಪಾಯಿಯ ತಳದಿಂದ ಪೆಟ್ರೋಲ್ ಹೀರಿ ಅದರಲ್ಲಿ ತುಂಬು. ಅಡುಗೆಮನೆಯಿಂದ ದೂರ, ಬೆಳಕಿರುವ ನೆರಳಿನಲ್ಲಿಟ್ಟು ಅಲುಗಾಡಿಸದೆ ನೋಡು.

ನಾನು ಬೇರೇನೂ ಹೇಳುವುದಿಲ್ಲ. ಒಂದು ಸಲ ಹೇಳಿ ಈ ದಡಕ್ಕೆ ಬಂದಿದ್ದೇನೆ. ಇದರಾಚೆಗೆ ಇನ್ನೊಂದು ದಡ ಇಲ್ಲ.

ಮಗಳು


ಪೂರ್ವ ದಡ
ಸೆಪ್ಟೆಂಬರ್ ೨೫

ಮಗಳಿಗೆ,

ನಿನ್ನ ಕಾಗದ ಬಂದ ದಿನ ಅದನ್ನು ಮಡಿಸಿ ದಿಂಬಿನಡಿ ಇಟ್ಟೆ. ಮಾರನೆಯ ದಿನ ಬಾಟಲಿ ತೊಳೆದು ಒಣಗಿಸಿದೆ. ಅದರ ಮಾರನೆಯ ದಿನ ತುಂಬಿದೆ. ಯಾರ ಹತ್ತಿರವೂ ಮಾಡಿಸಲಿಲ್ಲ.

ಕಟ್ಟೆಯ ಹಿಂದಿನ ಗೋಡೆಯ ಮೇಲೆ ಬಾಟಲಿ ಇಟ್ಟು ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ಎಲ್ಲ ಒಂದೇ ಥರ ಮಬ್ಬು. ನಿನ್ನ ಮಾತು ಸುಳ್ಳಾಯಿತು ಎಂದು ಏಳಬೇಕೆಂದಿದ್ದೆ. ಆಗ ಮಬ್ಬು ಕೆಳಗಿಳಿಯತೊಡಗಿತು. ಮೇಲೆ ಹೊನ್ನಿನ ಬಣ್ಣ, ಕೆಳಗೆ ಕೊಳೆತ ಚಹದಂಥದು, ನಡುವೆ ಗೆರೆ. ಅಡಿಪಟ್ಟಿ ಇಟ್ಟು ಎಳೆದಂತೆ ನೇರವಾದ ಗೆರೆ. ಬಾಟಲಿ ಓರೆ ಮಾಡಿದರೆ ಅದೂ ಓರೆಯಾಗುತ್ತಿತ್ತು, ಇಟ್ಟರೆ ಮತ್ತೆ ನೇರ. ಎಷ್ಟು ಸಲ ಓರೆ ಮಾಡಿದೆನೋ. ನಿಮ್ಮಣ್ಣನನ್ನು ಕೂಗಿದೆ, ಟಿಕೆಟ್ ಮುದುಕನನ್ನು ಕೂಗಿದೆ, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವಳನ್ನೂ ನಿಲ್ಲಿಸಿ ತೋರಿಸಿದೆ.

"ಇದು ಏನಕ್ಕೆ ಒಳ್ಳೇದು, ಅಮ್ಮಾ?" ಅಂದಳು.

"ಕಣ್ಣಿಗೆ" ಅಂದೆ.

ಆ ಪೀಪಾಯಿ ನಮ್ಮ ಮನೆಗೆ ಹೇಗೆ ಬಂತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಬಿರುಗಾಳಿ ಇಳಿದ ಮೇಲೆ ಅದು ನೀರಿನಲ್ಲಿ ತೇಲಿಬರುತ್ತಿತ್ತು. ನಿಮ್ಮಪ್ಪ ಈಜಿಕೊಂಡು ಹೋಗಿ, ಅಪ್ಪಿಕೊಂಡು ಒದೆಯುತ್ತ ದಡಕ್ಕೆ ತಂದರು. ಆಗ ನಮ್ಮಲ್ಲಿ ಎಂಜಿನ್ನೇ ಇರಲಿಲ್ಲ, ಹುಟ್ಟುಗಳು ಮಾತ್ರ. ಕುದುರೆಗಿಂತ ಮೊದಲು ಲಾಯ ಕಟ್ಟಿದ ಹಾಗಾಯಿತು ಎಂದು ನಾನು ನಕ್ಕೆ. "ಪೀಪಾಯಿ ಬಂದ್ಮೇಲೆ ಎಂಜಿನ್ ಬರದೆ ಎಲ್ಲಿಗ್ಹೋಗ್ತದೆ?" ಅಂದರು. ಬಂತು.

ಡಾಕ್ಟರಮ್ಮ ನಿನ್ನೆ ಬಂದಿದ್ದರು. ಈ ಸಲ ಮೂಲೆಯ ಹಸಿರು ದೋಣಿ ತೋರಿಸಿದರು. ನಿಮ್ಮಣ್ಣ ಹಗ್ಗ ಎಳೆದು ಮುಗಿಸುವ ಮೊದಲೇ ಎಂಜಿನ್ ಎದ್ದಿತು. ಅವನು ಹಿಂದಕ್ಕೆ ಬಿದ್ದ. ಮೊದಲ ಎಳೆತಕ್ಕೆ, ಮಗಳೇ! ಹೊಗೆಯೂ ಇಲ್ಲ. ನಾನು ಮುಖ ಬಿಗಿದುಕೊಂಡೇ ನಿಂತಿದ್ದೆ. ಅವರು ಹೋದ ಮೇಲೆ ಒಳಗೆ ಬಂದು, ಬಾಗಿಲು ಹಾಕಿಕೊಂಡು, ಕೈ ತಟ್ಟಿದೆ.

ಹಸಿರು ದೋಣಿಯ ಪೆಟ್ರೋಲ್ ಯಾವ ಡಬ್ಬಿಯಿಂದ ಬಂತೆಂದು ನೀನು ಕೇಳುತ್ತೀಯ. ಕೇಳಬೇಡ.

ಇಂತಿ,
ನಿನ್ನ ಅಮ್ಮ


ಪಶ್ಚಿಮ ದಡ
ಸೆಪ್ಟೆಂಬರ್ ೩೦

ಅಮ್ಮ,

ಕಾಗದ ಓದಿ ನಾನೂ ಬಾಗಿಲು ಹಾಕಿಕೊಂಡೆ.

ಡಬ್ಬಿಯ ವಿಷಯ ಕೇಳುವುದಿಲ್ಲ. ಅಪ್ಪ ಈಜಿ ತಂದ ಸಂಗತಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದೇ ಮಾತನ್ನು ಬೇರೆ ಥರ ಹೇಳುತ್ತಿದ್ದೆ. ಹೇಳದೆ ಮಾತ್ರ ಇರುತ್ತಿರಲಿಲ್ಲ.

ಇಲ್ಲಿ ನಮ್ಮ ದೋಣಿ ಎರಡನೆಯ ಸಲವೂ ಮೊದಲ ಎಳೆತಕ್ಕೇ ಎದ್ದಿತು. ಯಜಮಾನರ ಮೀಸೆ ಈಗ ಕಿವಿಯವರೆಗೆ ಹೋಗಿದೆ. ಇನ್ನೊಂದೇ ಸಲ ಉಳಿದಿದೆ. ನೀವು ಗೆಲ್ಲಬೇಕಾದರೆ ನಾವು ತಪ್ಪಬೇಕು. ನಾನು ತಪ್ಪುವುದಿಲ್ಲ, ಅಮ್ಮ. ಬೇಕೆಂದು ತಪ್ಪಿದರೆ ಅಪ್ಪನ ಹತಾರ ಮುಟ್ಟುವ ಮುಖ ನನಗಿರುವುದಿಲ್ಲ.

ಪ್ರೊಪೆಲ್ಲರಿನ ಹಿಂದೆ ಬಲೆಯ ದಾರ ಸುತ್ತಿಕೊಂಡಿದೆಯೇ ಎಂದು ವಾರಕ್ಕೊಮ್ಮೆ ಬಿಚ್ಚಿ ನೋಡಲು ಅಣ್ಣನಿಗೆ ಹೇಳು. ಅವನು ಮೇಲಿಂದ ನೋಡಿ "ಇಲ್ಲ" ಅಂತಾನೆ. ಬಿಚ್ಚಿಸು.

ನಿನ್ನ ಮಗಳು


ಪೂರ್ವ ದಡ
ನವೆಂಬರ್ ೧೧

ಮಗಳಿಗೆ,

ಬೇಕೆಂದು ತಪ್ಪಿದ್ದರೆ ನಾನೇ ಆಚೆ ದಡಕ್ಕೆ ಬಂದು ಕಿವಿ ಹಿಂಡುತ್ತಿದ್ದೆ.

ಬಿಚ್ಚಿಸಿದೆ. ದಾರ ಇತ್ತು, ಗೂಡು ಕಟ್ಟುವಷ್ಟು. ನಿಮ್ಮಣ್ಣ ಅದನ್ನು ಕೈಯಲ್ಲಿ ಹಿಡಿದು, ಯಾರೋ ತಂದು ಇಟ್ಟುಹೋದಂತೆ ನೋಡಿದ.

ನಿನ್ನೆ ಮೂರನೆಯ ಸಲ. ಮಳೆ ನಿಂತು ಬಿಸಿಲು ಬಂದಿತ್ತು, ಟಿಕೆಟ್ಟಿಗೆ ಸಾಲು ನಿಂತಿತ್ತು. ಡಾಕ್ಟರಮ್ಮ ಮತ್ತೆ ನಿಮ್ಮಪ್ಪನ ದೋಣಿಯನ್ನೇ ತೋರಿಸಿದರು. ನಿಮ್ಮಣ್ಣ ಮುಂದೆ ಬಂದ.

"ಅವನಲ್ಲ" ಅಂದರು. "ಈ ಸಲ ನೀವು ಎಳೀರಿ."

ನಾನು ಈ ಕಟ್ಟೆಯಲ್ಲಿ ಆಜ್ಞೆ ಮಾಡಿದ್ದೇನೆ, ಹಗ್ಗ ಎಳೆದವಳಲ್ಲ. ಸೆರಗು ಸಿಕ್ಕಿಸಿ ಇಳಿದೆ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ನಲ್ಲಿ ತಿರುಗಿಸಿದೆ, ಪೆಟ್ರೋಲ್ ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಹಿಸುಕಿದೆ, ಕಾಲೂರಿದೆ, ಎಳೆದೆ.

ಎದ್ದಿತು. ಕೈಯಿಂದ ಭುಜಕ್ಕೆ, ಭುಜದಿಂದ ಹಲ್ಲಿಗೆ ಆ ನಡುಕ ಏರಿತು. ಇಷ್ಟು ವರ್ಷ ಈ ಸುಖವನ್ನು ನೀವುಗಳೇ ಇಟ್ಟುಕೊಂಡಿದ್ದಿರಾ? ಟಿಕೆಟ್ ಮುದುಕ ಸೀಟಿ ಹಾಕಿದ. ಅವನನ್ನು ಬಯ್ಯಲು ಮರೆತೆ.

ಅದೇ ಮಧ್ಯಾಹ್ನ ಡಾಕ್ಟರಮ್ಮ ನಿಮ್ಮ ದಡಕ್ಕೆ ಹೋದರಂತೆ. ಅಲ್ಲಿ ಎಂಜಿನ್ ಎರಡನೆಯ ಎಳೆತಕ್ಕೆ ಎದ್ದಿತಂತೆ. ಹಿಂದಿನ ಸಂಜೆ ಮೀಸೆಯವನೇ ದೋಣಿ ಕಟ್ಟಿ, ಪೆಟ್ರೋಲಿನ ನಲ್ಲಿ ಮುಚ್ಚಲು ಮರೆತಿದ್ದನಂತೆ, ರಾತ್ರಿಯೆಲ್ಲ ಎಂಜಿನ್ನಿನ ಗಂಟಲಿಗೆ ಪೆಟ್ರೋಲ್ ಇಳಿದಿತ್ತಂತೆ. ಬೆಳಿಗ್ಗೆ ಎಲ್ಲವನ್ನೂ ಒಮ್ಮೆ ನೋಡಿಡುವವಳು ಊರಲ್ಲಿ ಇರಲಿಲ್ಲವಂತೆ.

ಇಬ್ಬರಿಗೂ ಒಂದೊಂದು ತಪ್ಪು. "ನಿಮ್ಮ ತಪ್ಪು ಹಳೇದು, ಅವರದು ಹೊಸದು" ಅಂದು ಡಾಕ್ಟರಮ್ಮ ನನಗೇ ಕೊಟ್ಟರು. ದೋಣಿ ಈ ತಿಂಗಳ ಕೊನೆಗೆ ಬರುತ್ತದೆ. ಕಟ್ಟೆಯಲ್ಲಿ ಎಲ್ಲರೂ ಕುಣಿಯುತ್ತಿದ್ದಾರೆ.

ಸಾಲಿನ ಕೊನೆಯಲ್ಲಿ ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡು, ಕಂಬದ ಹಿಂದೆ ಮುಖ ಮರೆಸಿ ನಿಂತಿದ್ದವಳು ಯಾರೆಂದು ನಾನು ಕೇಳುವುದಿಲ್ಲ. ಯಾವ ಕೆಲಸಕ್ಕೆ ಬಂದಿದ್ದಳೆಂದೂ ಕೇಳುವುದಿಲ್ಲ. ಆ ನೀಲಿ ಬಟ್ಟೆ ನನ್ನ ಹಳೆಯ ಸೀರೆಯದು.

ನಿನ್ನ ಅಮ್ಮ


ಪಶ್ಚಿಮ ದಡ
ನವೆಂಬರ್ ೧೬

ಅಮ್ಮ,

ಹೌದು.

ಯಜಮಾನರು ನನ್ನನ್ನು ಬಯ್ಯಲಿಲ್ಲ. ನಲ್ಲಿ ಮುಚ್ಚದಿದ್ದದ್ದು ತಮ್ಮ ಕೈ ಎಂದು ಒಪ್ಪಿಕೊಂಡಿದ್ದಾರೆ, ಮೀಸೆ ಇಳಿದಿದೆ. ನಾನು ಆ ದಿನ ರಜೆ ಹೇಳಿಯೇ ಬಂದಿದ್ದೆ. ಡಾಕ್ಟರಮ್ಮ ಅವತ್ತೇ ಬರುತ್ತಾರೆಂದು ಗೊತ್ತಿರಲಿಲ್ಲ.

ಹೊಸ ಎಂಜಿನ್ ನಿಮ್ಮ ಹಳೆಯವುಗಳಂತಲ್ಲ. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಎಣ್ಣೆಗೆ ಬೇರೆಯೇ ಬಾಯಿ ಇರುತ್ತದೆ. ಕಡ್ಡಿ ತೆಗೆದು ಮಟ್ಟ ನೋಡಬೇಕು, ಕಾಲಕಾಲಕ್ಕೆ ಬದಲಿಸಬೇಕು. ಅಣ್ಣನಿಗೆ ಕಲಿಸಬೇಕು. ಬರೆದು ಕಳಿಸುತ್ತೇನೆ.

ನೀನು ಎಳೆಯುವಾಗ ನಿನ್ನ ಕಾಲು ಅಪ್ಪ ಊರುತ್ತಿದ್ದ ಜಾಗದಲ್ಲೇ ಇತ್ತು.

ನಿನ್ನ ಮಗಳು


ಪಶ್ಚಿಮ ದಡ, ನಿನ್ನ ಮೇಜು
ಡಿಸೆಂಬರ್ ೨

ಮಗಳಿಗೆ,

ನೀನಿಲ್ಲ. ಅಲೆತಡೆಯ ಹತ್ತಿರ ಯಾರದೋ ಎಂಜಿನ್ ನೋಡಲು ಹೋಗಿದ್ದೀಯ ಎಂದು ನಿನ್ನ ಯಜಮಾನ ಹೇಳಿದ. ಒಳ್ಳೆಯದೇ ಆಯಿತು. ನೀನಿದ್ದರೆ ವಾದ ಮಾಡುತ್ತಿದ್ದೆ.

ನಿನ್ನ ಕೋಣೆ ನೋಡಿದೆ. ಸ್ಪ್ಯಾನರುಗಳನ್ನು ಗೋಡೆಗೆ ಸಣ್ಣದರಿಂದ ದೊಡ್ಡದಕ್ಕೆ ತೂಗುಹಾಕಿದ್ದೀಯ, ನಿಮ್ಮಪ್ಪ ಹಾಕುತ್ತಿದ್ದ ಹಾಗೆಯೇ. ಅವರ ಉಳಿಯನ್ನು ಚೂಪಾಗಿ ಇಟ್ಟಿದ್ದೀಯ. ಹೋದ ವಾರ ಅದು ನನ್ನ ಕೈಗೆ ಸಿಕ್ಕಿದ್ದರೆ ಚೆನ್ನಾಗಿತ್ತು. ಟಿಕೆಟ್ ಮುದುಕನ ಮೊಂಡು ಉಳಿಯಲ್ಲಿ ಕೆಲಸ ಮುಗಿಸಿದೆ.

ಆಸ್ಪತ್ರೆಯ ದೋಣಿ ಶುಕ್ರವಾರ ಬಂತು. ಸುತ್ತ ಮೂರು ಸಲ ನಡೆದೆ. ನಡೆಯುತ್ತ ಯೋಚಿಸಿದೆ. ನನ್ನ ದಡದಲ್ಲಿ ಎಂಜಿನ್ ಎದ್ದದ್ದು ನಿನ್ನ ಮಾತು ಬಂದ ಮೇಲೆ. ಈ ದಡದಲ್ಲಿ ಎಂಜಿನ್ ಏಳದಿದ್ದದ್ದು ನೀನು ಇಲ್ಲದ ದಿನ. ಹಾಗಾದರೆ ಎರಡು ದಡದಲ್ಲೂ ಗೆದ್ದವರು ಯಾರು? ದೀಪಸ್ತಂಭದ ಆ ಮಗು ಇನ್ನೊಮ್ಮೆ ಹುಟ್ಟುವಂತಾದರೆ, ಅದರ ತಾಯಿಗೆ ಬೇಕಾದದ್ದು ನನ್ನ ಕಟ್ಟೆಯೂ ಅಲ್ಲ, ಮೀಸೆಯೂ ಅಲ್ಲ.

ಡಾಕ್ಟರಮ್ಮನಿಗೆ ಹೇಳಿಯೇ ತಂದಿದ್ದೇನೆ. "ಗೆದ್ದದ್ದನ್ನ ಯಾರಾದ್ರೂ ಬಿಟ್ಟುಕೊಡ್ತಾರಾ, ಅಮ್ಮಾ?" ಅಂದರು. "ಬಿಟ್ಟುಕೊಡ್ತಿಲ್ಲ, ಇರಬೇಕಾದ ಕಡೆ ಕಟ್ತಿದೀನಿ" ಅಂದೆ. ದೋಣಿಯ ಜವಾಬ್ದಾರಿ ನಿನ್ನದು. ಕಾಗದ ಪತ್ರವೆಲ್ಲ ಆಗಿದೆ. ನಿನ್ನ ಯಜಮಾನನಿಗೂ ಹೇಳಿದೆ. ಅವನು ಮೀಸೆಗೆ ಕೈ ಹಾಕಿದ. "ಕಟ್ಟೆ ನಿಂದಿರಬಹುದು, ಎಂಜಿನ್ ಮುಟ್ಟೋಳು ನನ್ನ ಮಗಳೊಬ್ಬಳೇ. ನೀನು ನಲ್ಲಿಯ ಹತ್ತಿರ ಸುಳೀಬೇಡ" ಅಂದೆ. "ಸರಿ, ಅಕ್ಕಾ" ಅಂದ. ಅಕ್ಕ ಅಂತೆ.

ದೋಣಿಯನ್ನು ನಾನೇ ಓಡಿಸಿಕೊಂಡು ಬಂದೆ. ನಿಮ್ಮಣ್ಣ ಮುಂದೆ ಕೂತು ಎರಡು ಕೈಯಲ್ಲೂ ಅಂಚು ಹಿಡಿದುಕೊಂಡಿದ್ದ. ದಡ ಮುಟ್ಟಿದ ಮೇಲೆ ಸಿಹಿನೀರು ಕುಡಿಸಿ, ಬಾಲ ಎತ್ತಿ, ಹಿಂದೆ ಮುಂದೆ ಎರಡು ಹಗ್ಗದಿಂದ ಕಟ್ಟಿದ್ದೇನೆ. ಎಣ್ಣೆಯ ಕಡ್ಡಿ ತೆಗೆದು ನೋಡಿದೆ, ಮಟ್ಟ ಸರಿಯಿದೆ. ನೋಡುವುದು ಕಲಿತೆ.

ಬಾಗಿಲ ಹೊರಗೆ ಕವುಚಿ ಇಟ್ಟಿರುವುದು ನಿಮ್ಮಪ್ಪನ ಪೀಪಾಯಿಯ ಅರ್ಧ. ಖಾಲಿ ಮಾಡಿ, ಬಿಸಿಲಿಗಿಟ್ಟು, ಬಾಯಿಯವರೆಗೆ ನೀರು ತುಂಬಿಸಿ, ಬೆಂಕಿ ಸೋಕಿಸದೆ ಉಳಿ ಸುತ್ತಿಗೆಯಲ್ಲೇ ಕತ್ತರಿಸಿದೆ. ನಿಮ್ಮಣ್ಣ ಮುಖ ಆಚೆ ತಿರುಗಿಸಿ ನಿಂತಿದ್ದ. ಅಂಚು ಬಡಿದು ಮಡಚಿದ್ದೇನೆ, ಕೈ ಕುಯ್ಯುವುದಿಲ್ಲ. ಮೇಲಿನರ್ಧ ನನ್ನ ಕಟ್ಟೆಯಲ್ಲಿದೆ, ಬಾಯಿಗೆ ಬಿರಡೆ ಬಿಗಿದು ತಲೆಕೆಳಗು ಮಾಡಿ ಇಟ್ಟಿದ್ದೇನೆ. ಸಂಜೆ ಎಂಜಿನ್ನುಗಳಿಗೆ ಸಿಹಿನೀರು ಕುಡಿಸಲು ಅದಕ್ಕಿಂತ ಒಳ್ಳೆಯ ತೊಟ್ಟಿ ಇಲ್ಲ. ತಳದರ್ಧ ನಿನಗೆ. ನೀನೂ ಅದರಲ್ಲೇ ಕುಡಿಸು.

ದೋಣಿಯ ಬೀಗದ ಕೈ ಉಳಿಯ ಪಕ್ಕದ ಮೊಳೆಗೆ ಹಾಕಿದ್ದೇನೆ.

ವಾಪಸ್ಸಿಗೆ ನಿಮ್ಮ ಕಟ್ಟೆಯ ದೋಣಿ. ಟಿಕೆಟ್ ಕೊಂಡೆ, ಬದುಕಿನಲ್ಲಿ ಮೊದಲನೆಯದು. ನಿಮ್ಮಣ್ಣ ಆಗಲೇ ಹೋಗಿ ಕೂತಿದ್ದಾನೆ. ನಾನು ಎಂಜಿನ್ನಿನ ಪಕ್ಕದ ಜಾಗವನ್ನೇ ಕೇಳಿ ತೆಗೆದುಕೊಂಡಿದ್ದೇನೆ. ಮೊದಲ ಎಳೆತಕ್ಕೆ ಏಳದಿದ್ದರೆ ಇಳಿದು ನೇರ ನಿನ್ನ ಮನೆಗೇ ಬರುತ್ತೇನೆ, ನೀನು ಬರುವವರೆಗೆ ಕೂತಿರುತ್ತೇನೆ.

ಏಳುತ್ತದೆ. ನಿನ್ನ ಕೈಯದಲ್ಲವೇ.

ಅಮ್ಮ